ಟೆಕ್ಸಸ್‌ನ ಸಣ್ಣ ಊರಲ್ಲಿ ಆಫೀಸ್ ಕಾಂಡೊ, ಅಂಗಡಿ ಕಾಂಡೊ ಕೊಳ್ಳುವ ಮುನ್ನ

ಡಲ್ಲಾಸ್‌ನಿಂದ ಉತ್ತರಕ್ಕೆ ಪ್ರಾಸ್ಪರ್, ಸೆಲೈನಾ, ಮೆಲಿಸ್ಸಾ, ಆ್ಯನಾ ಕಡೆ ಹೊರಟರೆ ಹೆದ್ದಾರಿಯ ಬದಿಯಲ್ಲಿ ಸಾಲುಸಾಲಾಗಿ ಒಂದಂತಸ್ತಿನ ಹೊಸ ಕಟ್ಟಡಗಳು ಕಾಣುತ್ತವೆ. ಇವುಗಳನ್ನು ಸಾವಿರ, ಸಾವಿರದೈನೂರು ಚದರಡಿಯ ಯೂನಿಟ್‌ಗಳಾಗಿ ಬಿಡಿಬಿಡಿಯಾಗಿ ಮಾರುತ್ತಾರೆ. ಹೀಗೆ ಬಿಡಿಯಾಗಿ ಕೊಳ್ಳುವ ಯೂನಿಟ್ಟೇ ಕಾಂಡೊ. ದಂತವೈದ್ಯರು, ಲೆಕ್ಕಪತ್ರ ನೋಡುವ ಸಿಪಿಎಗಳು, ಮಕ್ಕಳಿಗೆ ಗಣಿತ ಹೇಳಿಕೊಡುವವರು, ಬಾಡಿಗೆ ಬರಲಿ ಎಂದು ದುಡ್ಡು ಹಾಕುವ ಸಾಫ್ಟ್‌ವೇರ್‌ನವರು, ಹೀಗೆ ಕೊಳ್ಳುವವರಲ್ಲಿ ನಮ್ಮವರೂ ಇದ್ದಾರೆ. ಮನೆ ಕೊಂಡು ಅನುಭವವಿರುವವರು ಇದನ್ನೂ ಹಾಗೇ ಕೊಳ್ಳಬಹುದು ಅಂದುಕೊಳ್ಳುತ್ತಾರೆ. ಆದರೆ ಮನೆ ಕೊಳ್ಳುವವರಿಗೆ ಕಾನೂನು ತಾನಾಗಿ ಕೊಡುವ ಎಷ್ಟೋ ರಕ್ಷಣೆ ಇಲ್ಲಿಲ್ಲ. ಕರಾರಿನಲ್ಲಿ ಬರೆದುಕೊಂಡದ್ದಷ್ಟೇ ನಿಮ್ಮ ಕೈಗೆ ಸಿಗುವುದು.

ಮೊದಲು ಡಿಕ್ಲರೇಶನ್ ಓದಿ, ಆಮೇಲೆ ಬೆಲೆ ಮಾತಾಡಿ

ಕಾಂಡೊದಲ್ಲಿ ನಿಮಗೆ ಸ್ವಂತವಾಗುವುದು ಸಾಮಾನ್ಯವಾಗಿ ಒಳಗೋಡೆಯ ಬಣ್ಣದಿಂದ ಎದುರುಗೋಡೆಯ ಬಣ್ಣದವರೆಗಿನ ಜಾಗ. ಚಾವಣಿ, ತಳಪಾಯ, ಹೊರಗೋಡೆ, ಪಾರ್ಕಿಂಗ್, ಚರಂಡಿ ಎಲ್ಲ ಸಮಷ್ಟಿಯವು. ಅವುಗಳಲ್ಲಿ ನಿಮಗಿರುವುದು ಶೇಕಡಾವಾರು ಪಾಲು. ಯಾವುದು ಯಾರದು, ಯಾರು ರಿಪೇರಿ ಮಾಡಬೇಕು, ಯಾವ ವ್ಯಾಪಾರ ನಡೆಸಬಹುದು, ಯಾರಿಗೆ ಎಷ್ಟು ಓಟು ಎಂಬುದೆಲ್ಲ ಕೌಂಟಿಯಲ್ಲಿ (ಜಿಲ್ಲಾಡಳಿತದಲ್ಲಿ) ನೋಂದಣಿಯಾದ ಡಿಕ್ಲರೇಶನ್ ಎಂಬ ಮೂಲ ದಾಖಲೆಯಲ್ಲಿರುತ್ತದೆ. 1994ರ ಜನವರಿ 1ರಿಂದೀಚೆಗೆ ಹುಟ್ಟಿದ ಕಾಂಡೊಗಳಿಗೆ ಟೆಕ್ಸಸ್ ಪ್ರಾಪರ್ಟಿ ಕೋಡ್‌ನ 82ನೇ ಅಧ್ಯಾಯ ಅನ್ವಯಿಸುತ್ತದೆ. ಎಲ್ಲ ಯೂನಿಟ್‌ಗಳೂ ವಾಣಿಜ್ಯಕ್ಕೇ ಮೀಸಲಾಗಿದ್ದರೆ ಅದರಲ್ಲಿನ ಕೊಳ್ಳುವವರ ಹಕ್ಕುಗಳನ್ನು ಕರಾರಿನಲ್ಲಿ ಬಿಟ್ಟುಕೊಡಲು ಅವಕಾಶವಿದೆ. ಮಾರುವವರ ವಕೀಲರು ಆ ಸಾಲನ್ನು ಸೇರಿಸದೆ ಬಿಡುವುದು ಅಪರೂಪ.

ಓದುವಾಗ ನಾಲ್ಕು ಕಡೆ ಕಣ್ಣಿಡಬೇಕು. ಒಂದು, ಬಳಕೆಯ ನಿರ್ಬಂಧ. 'ಒಂದೇ ದಂತ ಚಿಕಿತ್ಸಾಲಯ', 'ಒಂದೇ ಫಾರ್ಮಸಿ' ಎಂದು ಮೊದಲು ಕೊಂಡವರಿಗೆ ಏಕಸ್ವಾಮ್ಯ ಕೊಟ್ಟಿರಬಹುದು. ಅದು ಗೊತ್ತಿಲ್ಲದೆ ನೀವೂ ಅದೇ ವೃತ್ತಿಗೆ ಯೂನಿಟ್ ಕೊಂಡರೆ ಬಾಗಿಲು ತೆರೆಯುವ ಮೊದಲೇ ಕೋರ್ಟಿನ ತಡೆಯಾಜ್ಞೆ ಬರಬಹುದು. ಎರಡು, ಪಾರ್ಕಿಂಗ್: ಎಲ್ಲರಿಗೂ ಸೇರಿದ್ದೋ, ಯೂನಿಟ್‌ಗೆ ಇಂತಿಷ್ಟು ಎಂದು ಹಂಚಿದ್ದೋ? ಮೂರು, ಚಾವಣಿಯ ಮೇಲಿರುವ ಏಸಿ ಯಂತ್ರ. ಅದು ಸಮಷ್ಟಿಯ ಚಾವಣಿಯಲ್ಲಿ ಕೂತಿದ್ದರೂ ಬದಲಾಯಿಸುವ ಖರ್ಚು ಬಹುಪಾಲು ನಿಮ್ಮದೇ. ಹದಿನೈದು ವರ್ಷ ದಾಟಿದ ಯಂತ್ರವಾದರೆ ಅದನ್ನು ಬೆಲೆಯಲ್ಲೇ ಕಡಿತ ಮಾಡಿಸಿಕೊಳ್ಳಿ. ನಾಲ್ಕು, ಓಟು. ಚದರಡಿ ಲೆಕ್ಕದಲ್ಲಿ ಓಟು ಹಂಚಿದ್ದು, ಒಬ್ಬರೇ ಅರ್ಧಕ್ಕಿಂತ ಹೆಚ್ಚು ಕೊಂಡಿದ್ದರೆ ಯೂನಿಟ್ ಮಾಲೀಕರ ಸಂಘವಾದ ಅಸೋಸಿಯೇಶನ್ ಅವರ ಮುಷ್ಟಿಯಲ್ಲಿರುತ್ತದೆ. ಅಂಥ ಕಡೆ ಬ್ಯಾಂಕುಗಳೂ ಸಾಲ ಕೊಡಲು ಹಿಂಜರಿಯುತ್ತವೆ.

ಮರುಮಾರಾಟದ ಯೂನಿಟ್ ಆದರೆ ಅಸೋಸಿಯೇಶನ್‌ನಿಂದ ರೀಸೇಲ್ ಸರ್ಟಿಫಿಕೇಟ್ ಕೇಳಿ. ಕಾನೂನು ಕಡ್ಡಾಯ ಮಾಡದಿದ್ದರೂ ಕರಾರಿನಲ್ಲಿ ಕಡ್ಡಾಯ ಮಾಡಿಸಿಕೊಳ್ಳಿ. ತಿಂಗಳ ಡ್ಯೂಸ್ (ನಿರ್ವಹಣಾ ಶುಲ್ಕ), ಬಾಕಿ, ಮೀಸಲು ನಿಧಿ, ಮುಂದಿನ 12 ತಿಂಗಳಲ್ಲಿ ಮಾಡಲು ಒಪ್ಪಿಗೆಯಾದ ದೊಡ್ಡ ಖರ್ಚು, ನಡೆಯುತ್ತಿರುವ ದಾವೆ, ವಿಮೆ ಎಲ್ಲವೂ ಅದರಲ್ಲಿರಬೇಕು. ಜೊತೆಗೆ ಹಿಂದಿನ ಎರಡು ವರ್ಷದ ಸಭೆಯ ನಡಾವಳಿಯನ್ನೂ ತರಿಸಿಕೊಳ್ಳಿ. ಚಾವಣಿ ಸೋರುತ್ತಿದೆ ಎಂಬ ಜಗಳ ಸರ್ಟಿಫಿಕೇಟಿನಲ್ಲಿ ಇರುವುದಿಲ್ಲ, ನಡಾವಳಿಯಲ್ಲಿ ಇರುತ್ತದೆ. ಡ್ಯೂಸ್ ತೀರ ಕಡಿಮೆಯಿದ್ದರೆ ಖುಷಿಪಡುವುದಕ್ಕಿಂತ ಅನುಮಾನ ಪಡುವುದೇ ಸರಿ. ಮೀಸಲು ನಿಧಿ ಖಾಲಿಯಿದ್ದಾಗ ಡಾಂಬರು ಹಾಕಿಸಬೇಕಾಗಿ ಬಂದರೆ ಸ್ಪೆಷಲ್ ಅಸೆಸ್‌ಮೆಂಟ್ ಎಂದು ಒಟ್ಟಿಗೇ ವಸೂಲಿ ಮಾಡುತ್ತಾರೆ. ಕಟ್ಟದಿದ್ದರೆ ಯೂನಿಟ್ ಮೇಲೆ ಲೀನ್, ಅಂದರೆ ಋಣಭಾರ, ಬೀಳುತ್ತದೆ.

ಚದರಡಿಯ ಲೆಕ್ಕವನ್ನೂ ಕೇಳಿ. ಬೆಂಗಳೂರಿನ ಸೂಪರ್ ಬಿಲ್ಟ್‌ಅಪ್‌ನಂತೆ ಇಲ್ಲಿಯೂ ಹೊರಗೋಡೆಯ ದಪ್ಪ, ಸಮಷ್ಟಿಯ ಪಡಸಾಲೆಯ ಪಾಲು ಸೇರಿಸಿ 1,500 ಎಂದು ಜಾಹೀರಾತು ಹಾಕಿರಬಹುದು. ಡಿಕ್ಲರೇಶನ್ನಿಗೆ ಲಗತ್ತಿಸಿದ ನಕ್ಷೆಯಲ್ಲಿನ ಅಳತೆಯೇ ಪ್ರಮಾಣ.

ನಿಮ್ಮ ವ್ಯಾಪಾರಕ್ಕೆ ಆ ಯೂನಿಟ್ ಒಗ್ಗುತ್ತದೆಯೇ

ನಗರಾಡಳಿತದ ಪ್ಲಾನಿಂಗ್ ವಿಭಾಗಕ್ಕೆ ಹೋಗಿ, ವಿಳಾಸ ಕೊಟ್ಟು, ನೀವು ನಡೆಸಬೇಕೆಂದಿರುವ ವ್ಯಾಪಾರದ ಹೆಸರು ಹೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಟ್ಯೂಷನ್ ಸೆಂಟರಿಗೂ ಡೇಕೇರಿಗೂ ಬೇರೆ ಬೇರೆ ನಿಯಮ. ಕೆಲವು ಬಳಕೆಗೆ ಸ್ಪೆಸಿಫಿಕ್ ಯೂಸ್ ಪರ್ಮಿಟ್ ಬೇಕು. ಅದಕ್ಕೆ ಸಾರ್ವಜನಿಕ ವಿಚಾರಣೆ ನಡೆದು ಕೌನ್ಸಿಲ್ ಓಟು ಹಾಕಬೇಕು, ತಿಂಗಳುಗಳೇ ಹಿಡಿಯುತ್ತವೆ.

ಹೆಚ್ಚಿನವರು ಎಡವುವುದು ಪಾರ್ಕಿಂಗ್‌ನಲ್ಲಿ. ಊರೂರಿಗೆ ನಿಯಮ ಬೇರೆಯಾದರೂ ಸಾಮಾನ್ಯವಾಗಿ ಕಾಣುವ ಅನುಪಾತ ಹೀಗಿದೆ: ಆಫೀಸಿಗೆ 300 ಚದರಡಿಗೊಂದು, ಕ್ಲಿನಿಕ್ಕಿಗೆ 200ಕ್ಕೊಂದು, ಹೋಟೆಲಿಗೆ 100ಕ್ಕೊಂದು ಜಾಗ. ಅಂದರೆ 1,500 ಚದರಡಿಯ ಯೂನಿಟ್ ಆಫೀಸಾದರೆ 5 ಕಾರು, ಕ್ಲಿನಿಕ್ ಆದರೆ 8, ಹೋಟೆಲಾದರೆ 15. ಇಡೀ ಕಟ್ಟಡವನ್ನು ಆಫೀಸ್ ಲೆಕ್ಕದಲ್ಲಿ ಕಟ್ಟಿದ್ದರೆ, ಮೊದಲು ಬಂದ ಇಬ್ಬರು ವೈದ್ಯರೇ ಉಳಿದ ಜಾಗವನ್ನೆಲ್ಲ ತಿಂದುಬಿಟ್ಟಿರುತ್ತಾರೆ. ಮೂರನೆಯವರಿಗೆ ನಗರಾಡಳಿತ ಪರ್ಮಿಟ್ ಕೊಡುವುದಿಲ್ಲ.

ದರ್ಶಿನಿ ಮಾದರಿಯ ಸಣ್ಣ ಹೋಟೆಲ್ ತೆರೆಯುವ ಆಸೆಯಿದ್ದರೆ ಇನ್ನೆರಡು ತೊಡಕು. ಎಣ್ಣೆ ಹೊಗೆ ಏಳುವ ಒಲೆಗೆ ಹೊಗೆ ಹೀರುವ ಟೈಪ್ 1 ಹುಡ್ ಬೇಕು. ಅದರ ಕೊಳವೆ ಚಾವಣಿ ಸೀಳಿ ಮೇಲೇರಬೇಕು. ಜಿಡ್ಡು ಹಿಡಿಯುವ ಗ್ರೀಸ್ ಟ್ರ್ಯಾಪನ್ನು ಸಾಮಾನ್ಯವಾಗಿ ಹೊರಗಿನ ನೆಲದಡಿ ಹೂಳಬೇಕು. ಚಾವಣಿಯೂ ನೆಲವೂ ಸಮಷ್ಟಿಯವಾದ್ದರಿಂದ ಎರಡಕ್ಕೂ ಅಸೋಸಿಯೇಶನ್ ಒಪ್ಪಿಗೆ ಬೇಕು. ಇವೆರಡೂ ಮೊದಲೇ ಇಲ್ಲದ ಕಾಂಡೊವನ್ನು ಹೋಟೆಲಿಗಾಗಿ ಕೊಳ್ಳಲೇಬೇಡಿ. ಹೋಟೆಲಿಗೆಂದೇ ಕಟ್ಟಿದ ಜಾಗವನ್ನು ಬಾಡಿಗೆಗೆ ಹಿಡಿಯುವುದು ಎಷ್ಟೋ ಮೇಲು.

ಹೊಸ ಕಟ್ಟಡದಲ್ಲಿ ಬಹುಪಾಲು ಸಿಗುವುದು ಬರಿಯ ಶೆಲ್: ಗೋಡೆ, ಚಾವಣಿ, ಮೂಲೆಯಲ್ಲೊಂದು ನೀರಿನ ಪೈಪು. ಏಸಿ, ವಿದ್ಯುತ್ ಪ್ಯಾನೆಲ್, ಶೌಚಾಲಯ, ಕೆಲವೊಮ್ಮೆ ನೆಲದ ಕಾಂಕ್ರೀಟೂ ಇರುವುದಿಲ್ಲ. ಫಿನಿಶ್ ಔಟ್, ಅಂದರೆ ಒಳಗೆಲಸದ, ಖರ್ಚಿಗೆ ಗುತ್ತಿಗೆದಾರರಿಂದ ಲಿಖಿತ ದರಪಟ್ಟಿ ಬರುವ ತನಕ ಒಟ್ಟು ಬೆಲೆ ಎಷ್ಟೆಂದು ನಿಮಗೇ ತಿಳಿದಿರುವುದಿಲ್ಲ. ಶೆಲ್‌ಗೆ ಸಿಕ್ಕ ಅನುಮತಿ ಬೇರೆ, ನಿಮ್ಮ ವ್ಯಾಪಾರಕ್ಕೆ ಬೇಕಾದ ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿ (ಜಾಗ ಬಳಸುವ ಅನುಮತಿಪತ್ರ) ಬೇರೆ. ಒಳಗೆಲಸದ ಅಂದಾಜು 50,000 ಡಾಲರ್ ಮುಟ್ಟಿದರೆ ರಾಜ್ಯದ ಪರವಾನಗಿ ಇಲಾಖೆಯಾದ ಟಿಡಿಎಲ್‌ಆರ್‌ನಲ್ಲಿ ನೋಂದಾಯಿಸಿ, ಅಂಗವಿಕಲರ ಅನುಕೂಲದ ದೃಷ್ಟಿಯಿಂದ ನಕ್ಷೆ ಪರಿಶೀಲನೆ ಮಾಡಿಸಬೇಕು. ಎರಡಂತಸ್ತಿನ ಕಟ್ಟಡವಾದರೆ ಇನ್ನೊಂದು ವಿಷಯ: ಮೂರು ಅಂತಸ್ತಿಗಿಂತ ಕಡಿಮೆಯ ಕಟ್ಟಡಕ್ಕೆ ಅಂಗವಿಕಲರ ಹಕ್ಕಿನ ಎಡಿಎ ಕಾಯ್ದೆಯಲ್ಲಿ ಲಿಫ್ಟಿನಿಂದ ಇರುವ ವಿನಾಯಿತಿ ವೈದ್ಯರ ಕಚೇರಿಗೂ ಶಾಪಿಂಗ್ ಸೆಂಟರಿಗೂ ಅನ್ವಯಿಸುವುದಿಲ್ಲ.

ಎರೆಮಣ್ಣು, ಆಲಿಕಲ್ಲು, ಹಳೆಯ ಲಾಂಡ್ರಿ

ಉತ್ತರ ಟೆಕ್ಸಸ್‌ನ ನೆಲ ಧಾರವಾಡ, ಗದಗ ಸೀಮೆಯಂತೆ ಎರೆಮಣ್ಣಿನದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ತಳಪಾಯವನ್ನು ಅಲುಗಾಡಿಸುತ್ತದೆ. ಆದ್ದರಿಂದ ಇಲ್ಲಿ ಅನೇಕ ಕಟ್ಟಡಗಳಿಗೆ ಪೋಸ್ಟ್ ಟೆನ್ಶನ್ ಸ್ಲ್ಯಾಬ್ ಹಾಕಿರುತ್ತಾರೆ. ಕಾಂಕ್ರೀಟಿನೊಳಗಿನ ಒಂದೊಂದು ಉಕ್ಕಿನ ಕೇಬಲನ್ನೂ ಸುಮಾರು 33,000 ಪೌಂಡ್ ಬಲದಲ್ಲಿ ಬಿಗಿದಿರುತ್ತಾರೆ. ದಂತ ಚಿಕಿತ್ಸಾಲಯಕ್ಕೆ ಪ್ರತಿ ಕುರ್ಚಿಯಡಿಗೂ ಪೈಪು ಹೋಗಬೇಕು, ಅಂದರೆ ಸ್ಲ್ಯಾಬ್ ಕೊರೆಯಬೇಕು. ಕೇಬಲ್ ತುಂಡಾದರೆ ಕೊರೆಯುವವನ ಜೀವಕ್ಕೂ ಅಪಾಯ, ಕಟ್ಟಡಕ್ಕೂ ಹಾನಿ. ಆ ಹಾನಿಯ ಹೊಣೆ ನಿಮ್ಮ ತಲೆಗೆ. ಕೊಳ್ಳುವ ಮೊದಲೇ ಸ್ಲ್ಯಾಬ್ ಯಾವ ಬಗೆಯದೆಂದು ಸ್ಟ್ರಕ್ಚರಲ್ ನಕ್ಷೆಯಲ್ಲಿ ನೋಡಿ. ಕೊರೆಯುವ ಮುನ್ನ ರೇಡಾರ್ ಸ್ಕ್ಯಾನ್ ಮಾಡಿಸಿ. ಇಂಥ ಬಳಕೆಗೆಂದೇ ಕೆಲವು ಬಿಲ್ಡರ್‌ಗಳು ನಡುವೆ ಕಾಂಕ್ರೀಟ್ ಹಾಕದೆ ಪಟ್ಟಿ ಬಿಟ್ಟಿರುತ್ತಾರೆ. ಅಂಥ ಯೂನಿಟ್‌ಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆಲಿಕಲ್ಲು ಈ ಕಡೆಯ ಚಾವಣಿಗಳ ಶತ್ರು. ಇಡೀ ಕಟ್ಟಡಕ್ಕೆ ಅಸೋಸಿಯೇಶನ್ ಮಾಡಿಸುವ ಮಾಸ್ಟರ್ ಪಾಲಿಸಿಯಲ್ಲಿ ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ (ನಾವೇ ಭರಿಸಬೇಕಾದ ಮೊದಲ ಮೊತ್ತ) ಸಾಮಾನ್ಯವಾಗಿ ಶೇಕಡಾ ಲೆಕ್ಕದಲ್ಲಿರುತ್ತದೆ. 40 ಲಕ್ಷ ಡಾಲರಿಗೆ ವಿಮೆಯಾದ ಕಟ್ಟಡದಲ್ಲಿ ಅದು 2% ಆದರೆ ಮೊದಲ 80,000 ಡಾಲರ್ ವಿಮಾ ಕಂಪನಿ ಕೊಡುವುದಿಲ್ಲ. ಎಂಟು ಸಮಪಾಲಿದ್ದರೆ ನಿಮ್ಮ ಪಾಲು 10,000. ನಿಮ್ಮ ಸ್ವಂತ ಪಾಲಿಸಿಯಲ್ಲಿ ಇಂಥ ವಸೂಲಿಯನ್ನು ಭರಿಸುವ ಲಾಸ್ ಅಸೆಸ್‌ಮೆಂಟ್ ಸೇರಿಸಿ. ಆದರೆ ಡಿಡಕ್ಟಿಬಲ್‌ಗಾಗಿ ಬಂದ ವಸೂಲಿಗೆ ಕೆಲವು ಪಾಲಿಸಿಗಳು 1,000 ಡಾಲರಿಗೇ ಮಿತಿ ಹಾಕುತ್ತವೆ. ಏಜೆಂಟರ ಬಳಿ ಆ ಮಿತಿಯನ್ನು ಏರಿಸಿಕೊಳ್ಳಿ. ಒಳಗೋಡೆ, ಸೀಲಿಂಗ್, ನೆಲಹಾಸು ಮಾಸ್ಟರ್ ಪಾಲಿಸಿಗೆ ಸೇರಿವೆಯೋ ಇಲ್ಲವೋ ಎಂಬುದನ್ನೂ ಡಿಕ್ಲರೇಶನ್ ನೋಡಿಯೇ ನಿರ್ಧರಿಸಬೇಕು.

ಹಳೆಯ ಊರಿನ ನಡುವಿನ ಕಟ್ಟಡವಾದರೆ ಫೇಸ್ 1 ಪರಿಸರ ವರದಿ ಮಾಡಿಸದೆ ಮುಂದುವರಿಯಬೇಡಿ. ಹಿಂದೆ ಅಲ್ಲಿ ಡ್ರೈ ಕ್ಲೀನಿಂಗ್ ಅಂಗಡಿಯೋ ಪೆಟ್ರೋಲ್ ಬಂಕೋ ಇದ್ದು ನೆಲ ಕೆಟ್ಟಿದ್ದರೆ, ನೆಲದಲ್ಲಿ ಪಾಲಿರುವ ನೀವೂ ಫೆಡರಲ್ ಕಾನೂನಿನಡಿ ಹೊಣೆಗಾರರಾಗಬಹುದು. ಆ ಹೊಣೆಯಿಂದ ಪಾರಾಗಲು ವರದಿ ಎಎಸ್‌ಟಿಎಂ ಇ1527-21 ಮಾನದಂಡದಲ್ಲಿರಬೇಕು, ಅದರ ಮುಖ್ಯ ಭಾಗಗಳು ಕೊಳ್ಳುವ ದಿನಕ್ಕೆ 180 ದಿನದೊಳಗಿನವಾಗಿರಬೇಕು. ಮಾರುವವರು ಕೊಡುವ ಹಳೆಯ ವರದಿ ಇದಕ್ಕೆ ಸಾಲದು.

ಕರಾರು, ಟೈಟಲ್, ಸಾಲ

ಮೊದಲು ಲೆಟರ್ ಆಫ್ ಇಂಟೆಂಟ್ (ಕೊಳ್ಳುವ ಇರಾದೆಯ ಪತ್ರ), ಆಮೇಲೆ ಕರಾರು, ಟೈಟಲ್ ಕಂಪನಿಯಲ್ಲಿ ಅರ್ನೆಸ್ಟ್ ಮನಿ (ಮುಂಗಡ) ಠೇವಣಿ. ಪರಿಶೀಲನೆಯ ಅವಧಿಗೆ ಇಲ್ಲಿ ಫೀಸಿಬಿಲಿಟಿ ಪೀರಿಯಡ್ ಎನ್ನುತ್ತಾರೆ. 45ರಿಂದ 60 ದಿನ ಕೇಳಿ. ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕಿಗಾಗಿ ನೂರು ಡಾಲರಿನಷ್ಟು ಸಣ್ಣ ಮೊತ್ತವನ್ನು ಮಾರುವವರು ಉಳಿಸಿಕೊಳ್ಳುವುದು ಟೆಕ್ಸಸ್‌ನ ವಾಡಿಕೆ. ಗಡುವಿನ ಸಂಜೆಯೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಠೇವಣಿ ಕೈಬಿಡುವ ಅಪಾಯವಿದೆ.

ಊರಿನಲ್ಲಿ ಇ.ಸಿ. ತೆಗೆಸಿ ನೋಡುವ ಕೆಲಸವನ್ನು ಇಲ್ಲಿ ಟೈಟಲ್ ಕಂಪನಿ ಮಾಡಿ, ವಿಮೆಯನ್ನೂ ಕೊಡುತ್ತದೆ. ಪ್ರೀಮಿಯಂ ದರವನ್ನು ರಾಜ್ಯವೇ ನಿಗದಿ ಮಾಡುವುದರಿಂದ ಅಗ್ಗದ ಕಂಪನಿ ಹುಡುಕುವ ಅಗತ್ಯವಿಲ್ಲ. ವಿಮೆಗೆ ಮೊದಲು ಅವರು ಕೊಡುವ ಕಮಿಟ್‌ಮೆಂಟ್ ಎಂಬ ಪತ್ರದಲ್ಲಿ ಶೆಡ್ಯೂಲ್ ಬಿ ಎಂದರೆ ವಿಮೆ ಹೊರಗಿಡುವ ಸಂಗತಿಗಳು, ಶೆಡ್ಯೂಲ್ ಸಿ ಎಂದರೆ ಕ್ಲೋಸಿಂಗ್‌ಗೆ (ಖರೀದಿ ಮುಗಿಯುವ ದಿನಕ್ಕೆ) ಮುನ್ನ ಬಗೆಹರಿಯಬೇಕಾದವು. ಈ ಊರುಗಳಲ್ಲಿ ಮೊನ್ನೆಮೊನ್ನೆಯವರೆಗೂ ಹೊಲವಾಗಿದ್ದ ಜಾಗವೇ ಹೆಚ್ಚು. ಕೃಷಿಭೂಮಿ ಕಟ್ಟಡವಾದಾಗ ಕೃಷಿ ರಿಯಾಯಿತಿಯಿಂದ ಉಳಿದಿದ್ದ ಹಿಂದಿನ ಮೂರು ವರ್ಷದ ತೆರಿಗೆ ರೋಲ್‌ಬ್ಯಾಕ್ ಎಂದು ಬೀಳುತ್ತದೆ. ಅದನ್ನು ಮಾರುವವರೇ ತೆರಬೇಕೆಂದು ಕರಾರಿನಲ್ಲಿ ಬರೆಸಿ. ಜಾಗ ನೀರು, ಚರಂಡಿ ಒದಗಿಸುವ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್‌ನೊಳಗಿದ್ದರೆ ಆಸ್ತಿ ತೆರಿಗೆಯ ಮೇಲೆ ಅದರ ತೆರಿಗೆಯೂ ಸೇರುತ್ತದೆ.

ಸ್ವಂತ ವ್ಯಾಪಾರಕ್ಕೆ ಕೊಳ್ಳುವವರಿಗೆ ಸಣ್ಣ ಉದ್ಯಮಗಳ ಫೆಡರಲ್ ಇಲಾಖೆಯಾದ ಎಸ್‌ಬಿಎಯ 504 ಸಾಲ ಒಳ್ಳೆಯದು: 50% ಬ್ಯಾಂಕು, 40% ಎಸ್‌ಬಿಎ ಮಾನ್ಯತೆಯ ಸಿಡಿಸಿ ಸಂಸ್ಥೆ, 10% ನಿಮ್ಮದು. 6 ಲಕ್ಷ ಡಾಲರಿನ ಯೂನಿಟ್‌ಗೆ ಕೈಯಿಂದ 60,000; ಹೊಸದಾಗಿ ಆರಂಭಿಸಿದ ವ್ಯಾಪಾರವಾದರೆ 15%, ಅಂದರೆ 90,000. ಈಗಾಗಲೇ ಕಟ್ಟಿದ ಜಾಗದಲ್ಲಿ ಕನಿಷ್ಠ 51% ಭಾಗವನ್ನು ನಿಮ್ಮ ವ್ಯಾಪಾರವೇ ಬಳಸಬೇಕು. ಬರೀ ಬಾಡಿಗೆಗೆ ಕೊಡುವವರಿಗೆ ಇದು ಸಿಗುವುದಿಲ್ಲ. ಮಾಲೀಕರ ಪೌರತ್ವ, ವಲಸೆ ಸ್ಥಿತಿಯ ನಿಯಮಗಳು 2025ರಿಂದೀಚೆಗೆ ಬಿಗಿಯಾಗಿವೆ. ಗ್ರೀನ್ ಕಾರ್ಡ್ ಇದ್ದವರೂ ಅರ್ಜಿಗೆ ಮೊದಲು ತಮ್ಮ ಅರ್ಹತೆಯನ್ನು ಬ್ಯಾಂಕಿನಿಂದ ಬರಹದಲ್ಲಿ ಕೇಳಿಕೊಳ್ಳಲಿ. ಸಾಮಾನ್ಯ ಬ್ಯಾಂಕ್ ಸಾಲದ ಕಂತು 20–25 ವರ್ಷದ ಲೆಕ್ಕದಲ್ಲಿದ್ದರೂ 5 ಅಥವಾ 10 ವರ್ಷಕ್ಕೆ ಉಳಿದ ಅಸಲೆಲ್ಲ ಒಮ್ಮೆಗೇ ಬಾಕಿ ನಿಲ್ಲುತ್ತದೆ. ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಲ್ಲಿ ಕೊಂಡರೂ ಬ್ಯಾಂಕು ನಿಮ್ಮ ವೈಯಕ್ತಿಕ ಗ್ಯಾರಂಟಿ ಕೇಳುತ್ತದೆ.

ವೀಸಾ, ಊರಿನ ಹಣ, ಹಿಂತಿರುಗುವಿಕೆ

ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದವರು ಯೂನಿಟ್ ಕೊಂಡು ಬಾಡಿಗೆ ಪಡೆಯಬಹುದು. ಅಲ್ಲಿ ಸ್ವಂತ ಅಂಗಡಿ ತೆರೆದು ಕೂತು ದುಡಿಯುವಂತಿಲ್ಲ, ಸಂಬಳ ತೆಗೆದುಕೊಳ್ಳದಿದ್ದರೂ. ಎಚ್-4 ಇಎಡಿ (ಕೆಲಸದ ಅನುಮತಿ ಕಾರ್ಡ್) ಇರುವ ಸಂಗಾತಿ ವ್ಯಾಪಾರ ನಡೆಸಬಹುದು, ಆದರೆ ಇಎಡಿ ನವೀಕರಣ ತಡವಾದರೆ ಕೆಲಸ ನಿಲ್ಲಿಸಬೇಕಾಗುತ್ತದೆ.

ಊರಿನ ಸೈಟು ಮಾರಿ ಬಂದ ಹಣ ಅನಿವಾಸಿಗಳ ಎನ್‌ಆರ್‌ಒ ಖಾತೆಯಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಬರಬಹುದು, ತೆರಿಗೆ ಕಟ್ಟಿದ ದಾಖಲೆ ಮತ್ತು ಸಿಎ ಪ್ರಮಾಣಪತ್ರ ಬೇಕು. ಭಾರತದಲ್ಲಿರುವ ತಂದೆತಾಯಿ ಆರ್‌ಬಿಐನ ಹಣ ರವಾನೆ ಯೋಜನೆಯಾದ ಎಲ್‌ಆರ್‌ಎಸ್ ಅಡಿ ಆರ್ಥಿಕ ವರ್ಷಕ್ಕೆ ತಲಾ 2.5 ಲಕ್ಷ ಡಾಲರ್ ಕಳಿಸಬಹುದು. ವರ್ಷದಲ್ಲಿ ಅಂಥ ಉಡುಗೊರೆ ಒಂದು ಲಕ್ಷ ಡಾಲರ್ ದಾಟಿದರೆ ನೀವು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಫಾರ್ಮ್ 3520 ಸಲ್ಲಿಸಬೇಕು. ತೆರಿಗೆಯಿಲ್ಲ, ಆದರೆ ಮರೆತರೆ ದಂಡ ಭಾರಿ. ಮೈಸೂರಿನ ಸೈಟು ಮಾರಿ ಇಲ್ಲಿ ಕೊಂಡು, ಆಸ್ತಿಗೆ ಆಸ್ತಿ ಬದಲಿಸುವ 1031 ವಿನಿಮಯದಲ್ಲಿ ಅಮೆರಿಕದ ತೆರಿಗೆ ಮುಂದೂಡಲು ಬರುವುದಿಲ್ಲ. ಹೊರದೇಶದ ಆಸ್ತಿಗೂ ಅಮೆರಿಕದ ಆಸ್ತಿಗೂ ಆ ವಿನಿಮಯ ಸಲ್ಲದು.

ಮುಂದೆ ಊರಿಗೆ ಹಿಂತಿರುಗಿ, ಇಲ್ಲಿನ ತೆರಿಗೆ ನಿವಾಸಿಯಲ್ಲದ ಮೇಲೆ ಯೂನಿಟ್ ಮಾರಿದರೆ, ಕೊಳ್ಳುವವರು ಫಿರ್ಪ್ಟಾ ಕಾಯ್ದೆಯಡಿ ಮಾರಾಟದ ಬೆಲೆಯ 15% ಹಿಡಿದು ಐಆರ್‌ಎಸ್‌ಗೆ ಕಟ್ಟಬೇಕು. ಅದು ಲಾಭದ ಮೇಲಲ್ಲ, ಇಡೀ ಬೆಲೆಯ ಮೇಲೆ. ನಿಜವಾದ ತೆರಿಗೆ ಅಷ್ಟಾಗದಿದ್ದರೆ ಕ್ಲೋಸಿಂಗ್ ದಿನದೊಳಗೆ ಫಾರ್ಮ್ 8288-ಬಿ ಸಲ್ಲಿಸಿ ಕಡಿಮೆ ಮಾಡಿಸಿಕೊಳ್ಳಬಹುದು.