ವಜ್ರದ ಫ್ಲೋರೆಸೆನ್ಸ್: ಕೊಳ್ಳುವ ಮುನ್ನ ನೋಡುವ ಬಗೆ, ಬೆಲೆ ಮಾತಾಡುವ ಬಗೆ

ವಜ್ರದ ಸರ್ಟಿಫಿಕೇಟಿನಲ್ಲಿ ಕ್ಯಾರೆಟ್, ಬಣ್ಣ, ಸ್ವಚ್ಛತೆ ಮತ್ತು ಕಟ್‌ಗಳ ವಿವರ ಮುಗಿದ ಮೇಲೆ ಫ್ಲೋರೆಸೆನ್ಸ್ ಎಂಬ ಒಂದು ಸಾಲು ಇರುತ್ತದೆ. ಕೊಳ್ಳುವವರಲ್ಲಿ ಬಹಳ ಮಂದಿ ಅದನ್ನು ಓದುವುದೇ ಇಲ್ಲ. ಓದಿದವರಲ್ಲಿ ಹಲವರು ‘ಸ್ಟ್ರಾಂಗ್ ಬ್ಲೂ’ ಎಂದು ಕಂಡ ಕೂಡಲೇ ಕಲ್ಲಿನಲ್ಲಿ ದೋಷವಿದೆಯೆಂದು ಭಾವಿಸಿ ಬಿಟ್ಟುಬಿಡುತ್ತಾರೆ. ಎರಡೂ ಸರಿಯಲ್ಲ. ಆ ಸಾಲನ್ನು ಬಣ್ಣದ ದರ್ಜೆಯೊಂದಿಗೆ ಸೇರಿಸಿ ಓದಬೇಕು. ಹಾಗೆ ಓದಬಲ್ಲವರಿಗೆ ಅದೇ ಹಣಕ್ಕೆ ಇನ್ನಷ್ಟು ಬಿಳುಪಾಗಿ ಕಾಣುವ ಕಲ್ಲು ಸಿಗುವ ಸಾಧ್ಯತೆ ಇದೆ.

ನೇರಳಾತೀತ ಕಿರಣ ಬಿದ್ದಾಗ ಕೆಲವು ವಜ್ರಗಳು ತಾವೇ ಬೆಳಕನ್ನು ಸೂಸುತ್ತವೆ. ಈ ಹೊಳಪೇ ಫ್ಲೋರೆಸೆನ್ಸ್. ಇಂಗಾಲದ ಪರಮಾಣುಗಳ ಜಾಲದಲ್ಲಿ ಒಂದು ಸ್ಥಾನ ಖಾಲಿ ಉಳಿದು, ಅದರ ಸುತ್ತ ಮೂರು ಸಾರಜನಕ ಪರಮಾಣುಗಳು ನೆಲೆಸಿದ್ದರೆ ಆ ಬೆಳಕು ನೀಲಿಯಾಗಿರುತ್ತದೆ. ಅಮೆರಿಕದ ರತ್ನ ಪರೀಕ್ಷಾ ಸಂಸ್ಥೆಯಾದ ಜಿಐಎಗೆ ಬರುವ ವಜ್ರಗಳಲ್ಲಿ ಸುಮಾರು ಶೇಕಡಾ 25ರಿಂದ 35ರಷ್ಟು ಕಲ್ಲುಗಳು ಒಂದಲ್ಲ ಒಂದು ಪ್ರಮಾಣದಲ್ಲಿ ಹೀಗೆ ಹೊಳೆಯುತ್ತವೆ, ಅವುಗಳಲ್ಲಿ ಶೇಕಡಾ 95ಕ್ಕೂ ಹೆಚ್ಚಿನವು ನೀಲಿಯವು. ಆ ಸಂಸ್ಥೆ ಹೊಳಪನ್ನು ನನ್ (ಇಲ್ಲ), ಫೇಂಟ್ (ಮಂದ), ಮೀಡಿಯಂ, ಸ್ಟ್ರಾಂಗ್, ವೆರಿ ಸ್ಟ್ರಾಂಗ್ ಎಂದು ಐದು ಹಂತಗಳಲ್ಲಿ ಬರೆಯುತ್ತದೆ. ಇದು ಕಲ್ಲಿನ ಗುರುತಿಗಾಗಿ ಕೊಡುವ ವಿವರವೇ ಹೊರತು ಗುಣಮಟ್ಟದ ದರ್ಜೆಯಲ್ಲ. ನನ್ ಮತ್ತು ಫೇಂಟ್ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಕಾಣುವಂಥದ್ದಲ್ಲವಾದ್ದರಿಂದ ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಬಿಳಿ ವಜ್ರದಲ್ಲಿ ಸಾಮಾನ್ಯವಾಗಿ ಉಳಿಯುವ ಛಾಯೆ ಹಳದಿ. ಬಣ್ಣದ ದರ್ಜೆ ನಿರ್ವರ್ಣವಾದ ಡಿ ಅಕ್ಷರದಿಂದ ಶುರುವಾಗಿ, ಅಕ್ಷರ ಮುಂದೆ ಹೋದಂತೆ ಈ ಛಾಯೆ ಹೆಚ್ಚುತ್ತದೆ. ನೀಲಿ ಬೆಳಕು ಹಳದಿಯನ್ನು ತಗ್ಗಿಸುವುದರಿಂದ, ಐ, ಜೆ, ಕೆ ದರ್ಜೆಯ ಕಲ್ಲಿಗೆ ಮೀಡಿಯಂ ಅಥವಾ ಸ್ಟ್ರಾಂಗ್ ನೀಲಿ ಹೊಳಪಿದ್ದರೆ ಹಗಲ ಬೆಳಕಿನಲ್ಲಿ ಅದು ತನ್ನ ದರ್ಜೆಗಿಂತ ತುಸು ಬಿಳುಪಾಗಿ ಕಾಣಬಹುದು. ಜಿಐಎ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಲವಾದ ನೀಲಿ ಹೊಳಪಿನ ಕಲ್ಲುಗಳು ಮುಂಭಾಗದಿಂದ ನೋಡಿದಾಗ ಅನುಭವಿಗಳಿಗೆ ಒಳ್ಳೆಯ ಬಣ್ಣದವಾಗಿಯೇ ಕಂಡವು; ಸಾಮಾನ್ಯ ಜನರಿಗೆ ಮಾತ್ರ ಹೊಳಪಿರುವ ಕಲ್ಲಿಗೂ ಇಲ್ಲದ ಕಲ್ಲಿಗೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಅಪರೂಪಕ್ಕೆ ಕಾಣಸಿಗುವ ಹಳದಿ ಫ್ಲೋರೆಸೆನ್ಸ್ ಇದಕ್ಕೆ ತದ್ವಿರುದ್ಧ, ಏಕೆಂದರೆ ಅದು ಇರುವ ಹಳದಿಯನ್ನೇ ಹೆಚ್ಚಿಸುತ್ತದೆ. ಅಂಥ ಕಲ್ಲನ್ನು ಬಿಡುವುದು ಮೇಲು.

ಜನ ಹೆದರುವುದು ಮಬ್ಬಿಗೆ, ಅಂದರೆ ಕಲ್ಲು ಎಣ್ಣೆ ಸವರಿದಂತೆ ಅಥವಾ ಹಾಲು ಬೆರೆತಂತೆ ಕಾಣುವುದಕ್ಕೆ. ಆ ಹೆದರಿಕೆಗೆ ಆಧಾರವಿದೆ, ಆದರೆ ಅದು ವಾಸ್ತವಕ್ಕಿಂತ ಬಹಳ ದೊಡ್ಡದಾಗಿ ಬೆಳೆದಿದೆ. ಜಿಐಎ ಹೇಳುವಂತೆ, ತನ್ನಲ್ಲಿಗೆ ಬರುವ ಫ್ಲೋರೆಸೆಂಟ್ ವಜ್ರಗಳಲ್ಲಿ ಇಂಥ ಮಬ್ಬು ಕಾಣುವುದು ಶೇಕಡಾ 0.2ಕ್ಕಿಂತ ಕಡಿಮೆ ಕಲ್ಲುಗಳಲ್ಲಿ. ಬೆಳಕನ್ನು ಚದುರಿಸುವ ಅತಿಸೂಕ್ಷ್ಮ ಅಂಶಗಳು ಕಲ್ಲಿನೊಳಗೆ ಇದ್ದಾಗಲೇ ಈ ತೊಂದರೆ ಎದ್ದು ಕಾಣುತ್ತದೆ. ಅಂಥ ಅಂಶಗಳಿದ್ದರೆ ಫ್ಲೋರೆಸೆನ್ಸ್ ಇಲ್ಲದ ವಜ್ರವೂ ಮಬ್ಬಾಗಿರಬಹುದು. ಆದ್ದರಿಂದ ಸರ್ಟಿಫಿಕೇಟಿನ ಕಾಮೆಂಟ್ಸ್ ಭಾಗದಲ್ಲಿ ಕ್ಲೌಡ್‌ಗಳ, ಅಂದರೆ ಇಂಥ ಸೂಕ್ಷ್ಮ ಅಂಶಗಳ ಗುಂಪುಗಳ ಪ್ರಸ್ತಾಪವಿದ್ದು, ಜೊತೆಗೆ ಹೊಳಪು ಸ್ಟ್ರಾಂಗ್ ಎಂದಿದ್ದರೆ, ಕಲ್ಲನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ಮುಂಬೈ ಮತ್ತು ಸೂರತ್ತಿನ ವ್ಯಾಪಾರಿಗಳು ಕಂದು, ಹಸಿರು, ಮಿಲ್ಕಿ ಈ ಮೂರೂ ಇಲ್ಲದ ಕಲ್ಲನ್ನು ‘ನೋ ಬಿಜಿಎಂ’ ಎನ್ನುತ್ತಾರೆ. ಅಂಗಡಿಯವರನ್ನು ಅದೇ ಮಾತಿನಲ್ಲಿ ಕೇಳಿದರೆ ಸ್ಪಷ್ಟ ಉತ್ತರ ಸಿಗುತ್ತದೆ.

ಕಲ್ಲನ್ನು ನೋಡಲು ಹಗಲು ಹೊತ್ತಿನಲ್ಲೇ ಹೋಗಬೇಕು. ಅಂಗಡಿಯ ಎಲ್‌ಇಡಿ ದೀಪಗಳಲ್ಲಿ ನೇರಳಾತೀತ ಅಂಶ ಅತ್ಯಲ್ಪವಾದ್ದರಿಂದ ಹೊಳಪಿನ ಒಳಿತಾಗಲಿ ಕೆಡುಕಾಗಲಿ ಅಲ್ಲಿ ಕಾಣುವುದಿಲ್ಲ. ಸಾಧ್ಯವಾದರೆ ಇನ್ನೂ ಒಡವೆಗೆ ಕೂರಿಸದ ಕಲ್ಲನ್ನೇ ಕೇಳಿ. ಮೊದಲು ಬಿಳಿ ಕಾಗದವೊಂದನ್ನು ಮಡಿಸಿ, ಆ ಮಡಿಕೆಯಲ್ಲಿ ಕಲ್ಲನ್ನು ಮುಖ ಕೆಳಗಾಗಿ ಇಟ್ಟು, ಪಕ್ಕದಿಂದ ಅದರ ಬಣ್ಣವನ್ನು ನೋಡಿ. ಅನಂತರ ಅದನ್ನು ಚಿಮಟದಲ್ಲಿ ಹಿಡಿದು, ಅಂಗಡಿಯವರ ಜೊತೆಯಲ್ಲಿ ಬಾಗಿಲಾಚೆಯ ನೆರಳಿಗೂ ಆಮೇಲೆ ನೇರ ಬಿಸಿಲಿಗೂ ತಂದು, ಅದೇ ಬಣ್ಣದ ದರ್ಜೆಯ, ಫ್ಲೋರೆಸೆನ್ಸ್ ಇಲ್ಲದ ಇನ್ನೊಂದು ಕಲ್ಲಿನ ಪಕ್ಕದಲ್ಲಿ ಹೋಲಿಸಿ. ಬಿಸಿಲಿನಲ್ಲಿಯೂ ಒಳಗಿನ ಮುಖಗಳ ಅಂಚುಗಳು ಗೆರೆ ಎಳೆದಂತೆ ಚೂಪಾಗಿ ಕಂಡು, ಕಪ್ಪು ಬಿಳುಪಿನ ಮಿನುಗು ಬೇರೆಬೇರೆಯಾಗಿ ಉಳಿದರೆ ಕಲ್ಲು ಚೆನ್ನಾಗಿದೆ; ಅಂಚುಗಳು ಒಂದರೊಳಗೊಂದು ಕರಗಿದಂತೆ ಕಂಡರೆ ಯಾವ ರಿಯಾಯಿತಿಗೂ ಅದನ್ನು ಕೊಳ್ಳಬೇಡಿ. ಪರೀಕ್ಷೆಗೆ ಟಾರ್ಚ್ ಬಳಸುವುದಾದರೆ ಅದು 365 ನ್ಯಾನೋಮೀಟರಿನದಾಗಿರಲಿ. ಅಗ್ಗವಾಗಿ ಸಿಗುವ 395 ನ್ಯಾನೋಮೀಟರಿನ ಟಾರ್ಚಿನಲ್ಲಿ ಕಣ್ಣಿಗೆ ಕಾಣುವ ನೇರಳೆ ಬೆಳಕೂ ಬೆರೆತಿದ್ದು, ಅದು ಕಲ್ಲಿನ ಮೇಲೆ ಪ್ರತಿಫಲಿಸಿ ಇಲ್ಲದ ಹೊಳಪನ್ನು ಇದೆಯೆಂದು ತೋರಿಸುತ್ತದೆ. ಯಾವ ಟಾರ್ಚನ್ನೂ ಕಣ್ಣಿಗೆ ನೇರ ಹಿಡಿಯಬಾರದು.

ಬೆಲೆಯ ಲೆಕ್ಕ ಬಣ್ಣದೊಂದಿಗೆ ಬದಲಾಗುತ್ತದೆ. ಡಿ, ಇ, ಎಫ್ ಕಲ್ಲುಗಳನ್ನು ಜನ ಕೊಳ್ಳುವುದೇ ಅಪ್ಪಟ ನಿರ್ವರ್ಣತೆಗಾಗಿ. ಅಲ್ಲಿ ಸ್ಟ್ರಾಂಗ್ ಎಂದಿದ್ದರೆ ಶೇಕಡಾ 10ರಿಂದ 15ರಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೆಲೆ ಇಳಿಯುವುದು ವಾಡಿಕೆ; ಸ್ವಚ್ಛತೆಯ ದರ್ಜೆ ಮೇಲಿದ್ದಷ್ಟೂ ಇಳಿಕೆ ಹೆಚ್ಚು. ಜಿ, ಎಚ್ ದರ್ಜೆಗಳಲ್ಲಿ ಅದು ಕಡಿಮೆಯಾಗುತ್ತ ಬಂದು, ಐ ದರ್ಜೆಯಿಂದ ಕೆಳಗೆ ಬಹುತೇಕ ಇಲ್ಲವಾಗುತ್ತದೆ, ಕೆಲವು ಕಲ್ಲುಗಳಿಗೆ ತುಸು ಹೆಚ್ಚಿನ ಬೆಲೆಯೂ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ತೊಡುವುದಕ್ಕೆಂದೇ ಕೊಳ್ಳುವವರಿಗೆ ಜಿ ಇಂದ ಐವರೆಗಿನ, ಮೀಡಿಯಂ ಅಥವಾ ಸ್ಟ್ರಾಂಗ್ ನೀಲಿಯ, ಬಿಸಿಲಿನಲ್ಲಿ ಮಬ್ಬಾಗದ ಕಲ್ಲಿನಷ್ಟು ಒಳ್ಳೆಯ ಆಯ್ಕೆ ಇನ್ನೊಂದಿಲ್ಲ.

ದಕ್ಷಿಣ ಭಾರತದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ವಜ್ರದ ಓಲೆಗೂ ಮೂಗುಬೊಟ್ಟಿಗೂ ‘ಬ್ಲೂ ಜಾಗರ್’ ಕಲ್ಲೇ ಬೇಕೆಂದು ಕೇಳುವ ಮನೆತನಗಳು ಇಂದಿಗೂ ಇವೆ. ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬರುತ್ತಿದ್ದ, ನೀಲಿ ಹೊಳಪಿನ ಬಿಳಿ ವಜ್ರಗಳಿಂದ ಬಂದ ಹೆಸರು ಅದು. ಅಂದರೆ ಒಂದು ಮಾರುಕಟ್ಟೆ ರಿಯಾಯಿತಿ ಕೇಳುವ ಗುಣಕ್ಕೇ ಇನ್ನೊಂದು ಮಾರುಕಟ್ಟೆ ಹೆಚ್ಚು ಹಣ ಕೊಡುತ್ತ ಬಂದಿದೆ. ಆದರೆ ಹಳದಿ ಛಾಯೆಯ ಕಲ್ಲನ್ನೂ ‘ಬ್ಲೂ ವೈಟ್’ ಎಂದು ಮಾರುವ ಚಾಳಿ ಹಳೆಯದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1938ರಲ್ಲೇ ಆ ಪದದ ದುರ್ಬಳಕೆಯನ್ನು ನಿಷೇಧಿಸಿತ್ತು. ಇಂದು ಯಾರಾದರೂ ಜಾಗರ್ ಎಂದು ಹೆಚ್ಚಿನ ಬೆಲೆ ಕೇಳಿದರೆ, ಸರ್ಟಿಫಿಕೇಟಿನಲ್ಲಿರುವ ಬಣ್ಣದ ದರ್ಜೆಗೆ ತಕ್ಕ ಬೆಲೆಯನ್ನಷ್ಟೇ ಕೊಡಿ.

ಮತ್ತೆ ಮಾರುವಾಗ ಅಥವಾ ಎಕ್ಸ್‌ಚೇಂಜ್ ಮಾಡುವಾಗ ಇದೇ ಇಳಿಕೆ ನಿಮಗೂ ಅನ್ವಯವಾಗುತ್ತದೆ. ಆದ್ದರಿಂದ ಕೊಳ್ಳುವಾಗಲೇ ಆ ರಿಯಾಯಿತಿಯನ್ನು ಪಡೆಯಬೇಕು. ಒಡವೆಯ ಮೇಲಿನ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ ಸಂಬಂಧಿಸಿದ್ದು, ಕಲ್ಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬಿಲ್ಲಿನಲ್ಲಿ ಸರ್ಟಿಫಿಕೇಟ್ ಸಂಖ್ಯೆ, ಬಣ್ಣ, ಸ್ವಚ್ಛತೆಗಳ ಜೊತೆ ಫ್ಲೋರೆಸೆನ್ಸ್ ಹಂತವನ್ನೂ ಬರೆಸಿಕೊಳ್ಳಿ. ಕಲ್ಲಿನ ನಡುವಿನ ಅಂಚಿನಲ್ಲಿ ಲೇಸರಿನಿಂದ ಕೆತ್ತಿದ ಸಂಖ್ಯೆ ಇದ್ದರೆ, ಅಂಗಡಿಯ ಭೂತಗನ್ನಡಿಯಲ್ಲಿ ಅದನ್ನು ನೀವೇ ಓದಿ ಸರ್ಟಿಫಿಕೇಟಿಗೆ ತಾಳೆ ನೋಡಿದ ಮೇಲೆಯೇ ಹಣ ಪಾವತಿಸಿ.