ಮಗುವಾಗದಿದ್ದಾಗ ಗಂಡಸಿನ ತಪಾಸಣೆ: ಎಲ್ಲಿಂದ ಆರಂಭಿಸಬೇಕು, ಹೇಗೆ ಮುಂದುವರಿಯಬೇಕು

ಮುಂಬಯಿಯ ನಮ್ಮ ಕನ್ನಡ ಕುಟುಂಬಗಳಲ್ಲಿ ಮದುವೆಯಾಗಿ ವರ್ಷಗಳು ಕಳೆದರೂ ಮಗುವಾಗದಿದ್ದರೆ ಮೊದಲು ಡಾಕ್ಟರ ಬಳಿಗೆ ಹೋಗುವವಳು ಹೆಚ್ಚಾಗಿ ಹೆಂಡತಿಯೇ. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಕೆಲವೊಮ್ಮೆ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಒಳಗೆ ನೋಡುವ ಪರೀಕ್ಷೆ) ಕೂಡ ಮುಗಿದ ಮೇಲೆ ಗಂಡನ ಸರದಿ ಬರುತ್ತದೆ. ಇದು ಅನ್ಯಾಯವಷ್ಟೇ ಅಲ್ಲ, ಕಾಲವನ್ನೂ ಹಣವನ್ನೂ ಕಳೆಯುವ ಕ್ರಮ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಸಮಸ್ಯೆ ಒಂದೇ ಕಾರಣವಾಗಿಯೋ ಹೆಂಡತಿಯ ತೊಂದರೆಯ ಜೊತೆಗೂಡಿಯೋ ಇರುತ್ತದೆ. ಅದನ್ನು ತಿಳಿಯುವ ಮೊದಲ ಪರೀಕ್ಷೆಯಾದ ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ಅರಿವಳಿಕೆಯೂ ಬೇಡ. ಆದ್ದರಿಂದ ಇಬ್ಬರ ತಪಾಸಣೆಯೂ ಒಟ್ಟಿಗೇ ಆರಂಭವಾಗಬೇಕು.

ಗರ್ಭನಿರೋಧಕ ಬಳಸದೆ 12 ತಿಂಗಳು ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ವರ್ಷ ದಾಟಿದ್ದರೆ 6 ತಿಂಗಳಿಗೇ, ವೈದ್ಯರನ್ನು ಕಾಣಬೇಕು. ಗಂಡ ಇಲ್ಲಿನ ಹೋಟೆಲಿನಲ್ಲಿ ದುಡಿಯುತ್ತಾ ಹೆಂಡತಿ ಕುಂದಾಪುರದಲ್ಲೋ ಕಲಬುರಗಿಯಲ್ಲೋ ಉಳಿದಿದ್ದರೆ ಆ ತಿಂಗಳುಗಳನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ 5 ದಿನಗಳಲ್ಲಿ ಮಾತ್ರ ಗರ್ಭಧಾರಣೆ ಸಾಧ್ಯ. ಊರಿಗೆ ಹೋದ ನಾಲ್ಕು ದಿನ ಆ ಅವಧಿಯ ಹೊರಗೆ ಬಿದ್ದರೆ ಯಾರಲ್ಲೂ ದೋಷವಿಲ್ಲದೆಯೂ ವರ್ಷಗಳು ಉರುಳುತ್ತವೆ. ಆದರೆ ಬಾಲ್ಯದಲ್ಲಿ ವೃಷಣ ಕೆಳಗಿಳಿಯದೆ ಆಪರೇಷನ್ ಆಗಿದ್ದರೆ, ಹರೆಯ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ 12 ತಿಂಗಳು ಕಾಯದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ವೀರ್ಯ ಪರೀಕ್ಷೆಯನ್ನು ಸರಿಯಾಗಿ ಮಾಡಿಸುವುದೇ ಒಂದು ಕೆಲಸ. ಅದಕ್ಕೆ ಮೊದಲು ಕನಿಷ್ಠ 2, ಹೆಚ್ಚೆಂದರೆ 7 ದಿನ ವೀರ್ಯಸ್ಖಲನವಾಗಿರಬಾರದು. ಲ್ಯಾಬು ಕೊಟ್ಟ ಡಬ್ಬಿಯಲ್ಲೇ ಸಂಗ್ರಹಿಸಬೇಕು. ಸಾಮಾನ್ಯ ಕಾಂಡೋಮ್, ಎಣ್ಣೆ, ಸೋಪು ಬಳಸಬಾರದು, ಏಕೆಂದರೆ ಅವು ವೀರ್ಯಾಣುಗಳಿಗೆ ಹಾನಿ ಮಾಡುತ್ತವೆ. ಮೊದಲ ಹನಿಗಳಲ್ಲೇ ವೀರ್ಯಾಣುಗಳು ಹೆಚ್ಚಾಗಿರುವುದರಿಂದ ಸ್ವಲ್ಪ ಚೆಲ್ಲಿಹೋದರೂ ಸಿಬ್ಬಂದಿಗೆ ಹೇಳಿಬಿಡಬೇಕು. ಮಾದರಿ ಒಂದು ಗಂಟೆಯೊಳಗೆ ಲ್ಯಾಬು ಸೇರಬೇಕಾದ್ದರಿಂದ ಡೊಂಬಿವಲಿಯ ಮನೆಯಲ್ಲಿ ಸಂಗ್ರಹಿಸಿ ಲೋಕಲ್ ರೈಲಿನಲ್ಲಿ ದಾದರಿಗೆ ಒಯ್ಯುವ ಯೋಚನೆ ಬೇಡ. ಲ್ಯಾಬಿನಲ್ಲೇ ಪ್ರತ್ಯೇಕ ಕೋಣೆ ಇದೆಯೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ.

ವರದಿಯನ್ನು ಓದುವಾಗ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಕೆಳಮಿತಿಗಳು ನೆನಪಿರಲಿ: ವೀರ್ಯದ ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನಶೀಲತೆ ಶೇ. 42, ಸಹಜ ಆಕಾರ ಶೇ. 4. ‘ಶೇ. 4 ಮಾತ್ರ ಸಹಜ’ ಎಂದು ಓದಿ ಎದೆಗುಂದುವವರು ಬಹಳ. ಅದು ಮಿತಿಯೊಳಗಿನ ಸಂಖ್ಯೆಯೇ. ಇದಕ್ಕಿಂತ ಕಡಿಮೆ ಇದ್ದವರಿಗೂ ಮಕ್ಕಳಾಗಿವೆ. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕಾಗುವುದರಿಂದ ಎರಡು ತಿಂಗಳ ಹಿಂದಿನ ಡೆಂಗಿ ಜ್ವರ ಇಂದಿನ ವರದಿಯಲ್ಲಿ ಕಾಣಿಸಿಕೊಳ್ಳಬಹುದು; ಹಾಗಾಗಿ ಒಂದೇ ವರದಿಯ ಮೇಲೆ ತೀರ್ಮಾನಕ್ಕೆ ಬರದೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು.

ಎರಡನೆಯ ವರದಿಯೂ ಕಡಿಮೆ ಬಂದರೆ ಯೂರಾಲಜಿಸ್ಟ್ (ಮೂತ್ರಾಂಗ ತಜ್ಞ) ಅಥವಾ ಆಂಡ್ರಾಲಜಿಸ್ಟರನ್ನು (ಗಂಡಸರ ಸಂತಾನ ಸಮಸ್ಯೆಗಳ ತಜ್ಞರನ್ನು) ಕಾಣಬೇಕು. ರೋಗಿಯನ್ನು ನಿಲ್ಲಿಸಿ, ಕೆಮ್ಮಲು ಹೇಳಿ, ಕೈಯಿಂದ ಮುಟ್ಟಿ ನೋಡದೆ ಮಾತ್ರೆ ಬರೆದುಕೊಡುವವರಿಂದ ದೂರವಿರಿ. ಹಾಗೆ ಮುಟ್ಟಿ ನೋಡಿದಾಗಲೇ ವೆರಿಕೋಸಿಲ್, ಅಂದರೆ ವೃಷಣದ ಮೇಲ್ಭಾಗದಲ್ಲಿ ಉಬ್ಬಿದ ರಕ್ತನಾಳಗಳು, ಪತ್ತೆಯಾಗುತ್ತವೆ. ಮಕ್ಕಳಾಗದ ಗಂಡಸರಲ್ಲಿ ಸುಮಾರು ಶೇ. 40 ಮಂದಿಗೆ ಇದು ಇರುತ್ತದೆ, ಹೆಚ್ಚಾಗಿ ಎಡಗಡೆ. ಕೈಗೆ ಸಿಗುವಷ್ಟು ದೊಡ್ಡದಿದ್ದು ವೀರ್ಯದ ವರದಿಯೂ ಕೆಟ್ಟಿದ್ದರೆ ಸೂಕ್ಷ್ಮದರ್ಶಕದ ನೆರವಿನ ಶಸ್ತ್ರಚಿಕಿತ್ಸೆ ಪ್ರಯೋಜನಕಾರಿ. ಸುಧಾರಣೆ ಕಾಣಲು 3ರಿಂದ 6 ತಿಂಗಳು ಬೇಕು. ಸ್ಕ್ಯಾನಿನಲ್ಲಿ ಮಾತ್ರ ಕಾಣುವ ಸಣ್ಣದಕ್ಕೆ ಆಪರೇಷನ್ ಬೇಕಿಲ್ಲ.

ವೃಷಣಗಳಿಗೆ ದೇಹಕ್ಕಿಂತ ಕಡಿಮೆ ತಾಪ ಬೇಕು. ದಿನಕ್ಕೆ ಹತ್ತು ಗಂಟೆ ದೋಸೆಯ ಕಾವಲಿಯ ಮುಂದೆ ನಿಲ್ಲುವ ನಮ್ಮ ಹೋಟೆಲ್ ಕೆಲಸಗಾರರು ಈ ಸಂಗತಿಯನ್ನು ಡಾಕ್ಟರಿಗೆ ತಪ್ಪದೆ ತಿಳಿಸಬೇಕು. ಸಾಧ್ಯವಾದರೆ ಕೆಲವು ತಿಂಗಳು ಕೌಂಟರಿಗೋ ಸಪ್ಲೈಗೋ ಬದಲಾಯಿಸಿಕೊಡುವಂತೆ ಧಣಿಗಳನ್ನು ಕೇಳಿಕೊಳ್ಳಬಹುದು. ಬೀಡಿ, ಗುಟ್ಕಾ, ಮದ್ಯ ಬಿಡಬೇಕು. ಹಿಡಿತದಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಒಂದು ಕಾರಣ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಟೆಸ್ಟೋಸ್ಟೆರಾನ್ ವಿಷಯದಲ್ಲಿ. ಗಂಡಸುತನದ ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಕೌಂಟ್ (ವೀರ್ಯಾಣುಗಳ ಸಂಖ್ಯೆ) ಏರುತ್ತದೆ ಎಂಬ ನಂಬಿಕೆ ಪೂರ್ತಿ ತಪ್ಪು. ಜಿಮ್ಮಿನಲ್ಲಿ ಸಿಗುವ ಸ್ಟೆರಾಯ್ಡ್ ಇಂಜೆಕ್ಷನ್ನಾಗಲಿ, ಸುಸ್ತಿಗೆಂದು ಬರೆದುಕೊಟ್ಟ ಜೆಲ್ ಆಗಲಿ ಮೆದುಳಿನಿಂದ ವೃಷಣಕ್ಕೆ ಬರುವ ಸಂದೇಶವನ್ನು ತಡೆದು ವೀರ್ಯಾಣು ಉತ್ಪಾದನೆಯನ್ನು ಸೊನ್ನೆಗೂ ಇಳಿಸಬಲ್ಲದು. ನಿಲ್ಲಿಸಿದ ಮೇಲೆ ಬಹಳ ಮಂದಿಗೆ ಅದು ಮರಳುತ್ತದೆ, ಆದರೆ ತಿಂಗಳುಗಳೇ ಹಿಡಿಯುತ್ತವೆ.

ವರದಿಯಲ್ಲಿ ವೀರ್ಯಾಣುವೇ ಇಲ್ಲ ಎಂದು ಬಂದರೂ ದಾರಿ ಮುಗಿಯಲಿಲ್ಲ. ಹಳೆಯ ಸೋಂಕಿನಿಂದಲೋ ಕ್ಷಯದಿಂದಲೋ ನಾಳ ಮುಚ್ಚಿಕೊಂಡಿದೆಯೇ, ಅಥವಾ ಉತ್ಪಾದನೆಯೇ ನಿಂತಿದೆಯೇ ಎಂಬುದನ್ನು ಎಫ್‌ಎಸ್‌ಎಚ್ (ವೃಷಣವನ್ನು ಪ್ರಚೋದಿಸುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು), ಟೆಸ್ಟೋಸ್ಟೆರಾನ್ ರಕ್ತಪರೀಕ್ಷೆಗಳ ನೆರವಿನಿಂದ ತಿಳಿಯಬೇಕು. ಉತ್ಪಾದನೆ ನಿಂತಿದ್ದರೆ ಕ್ರೋಮೋಸೋಮ್ (ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತಿರುವ ಎಳೆಗಳು) ಮತ್ತು ಗಂಡಸರಲ್ಲಿರುವ ವೈ ಕ್ರೋಮೋಸೋಮಿನ ಸೂಕ್ಷ್ಮಲೋಪದ (ಸಣ್ಣ ತುಣುಕು ಕಳೆದುಹೋಗಿರುವುದರ) ಪರೀಕ್ಷೆ ಆಗದೆ ವೃಷಣದಿಂದ ವೀರ್ಯಾಣು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು, ಏಕೆಂದರೆ ಕೆಲವು ಲೋಪಗಳಿದ್ದರೆ ವೃಷಣದೊಳಗೆ ಹುಡುಕಿದರೂ ವೀರ್ಯಾಣು ಸಿಗುವುದಿಲ್ಲ. ಪಿಟ್ಯುಟರಿ ಹಾರ್ಮೋನಿನ ಕೊರತೆಯಿದ್ದರೆ ಮಾತ್ರ ಇಂಜೆಕ್ಷನ್ನುಗಳಿಂದ ಒಳ್ಳೆಯ ಫಲ ಸಿಗುತ್ತದೆ.

ವೀರ್ಯಾಣು ಸ್ವಲ್ಪ ಕಡಿಮೆ ಇರುವವರಿಗೆ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ವಿಧಾನ), ತೀರಾ ಕಡಿಮೆ ಇರುವವರಿಗೆ ಅಥವಾ ವೃಷಣದಿಂದ ತೆಗೆದ ವೀರ್ಯಾಣುವಿಗೆ ಇಕ್ಸಿ ಸೂಕ್ತ. ಇಕ್ಸಿಯಲ್ಲಿ ಒಂದು ಅಂಡದೊಳಗೆ ಒಂದೇ ವೀರ್ಯಾಣುವನ್ನು ಸೇರಿಸುತ್ತಾರೆ. 1986ರಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಪ್ರನಾಳ ಶಿಶುವಿನ ಜನನ ಸಾಧಿಸಿದಂದಿನಿಂದ ದೇಹದ ಹೊರಗೆ ಭ್ರೂಣ ರೂಪಿಸುವ ವಿದ್ಯೆ ಮುಂಬಯಿಗೆ ಹೊಸದಲ್ಲ. ಇಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯಿದೆಯಂತೆ ಕ್ಲಿನಿಕ್ ನೋಂದಣಿಯಾಗಿರಬೇಕು, ದಂಪತಿಗಳ ಲಿಖಿತ ಒಪ್ಪಿಗೆ ಇರಬೇಕು, ಗಂಡನ ವಯಸ್ಸು 55 ಮೀರಿರಬಾರದು. ಕೊನೆಗೆ ದಾನಿಯ ವೀರ್ಯವೇ ಬೇಕಾದರೆ ಅದು ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ಪರಿಚಯದವರಿಂದ, ನೆಂಟರಿಂದ ಪಡೆಯಲು ಅವಕಾಶವಿಲ್ಲ. ಹಾಗೆ ಹುಟ್ಟಿದ ಮಗು ಕಾನೂನಿನ ದೃಷ್ಟಿಯಲ್ಲಿ ಆ ದಂಪತಿಗಳ ಸ್ವಂತ ಮಗುವೇ ಆಗಿರುತ್ತದೆ.