ಓಣಿ ಬಿಡುವ ಮೊದಲು ಮಾಡಿಕೊಂಡ ತಯಾರಿ

ಮನೆ ಬದಲಿಸುವಾಗ ಎಲ್ಲರೂ ಸಾಮಾನಿನ ಪಟ್ಟಿ ಮಾಡುತ್ತಾರೆ. ನಾನು ಅದರ ಜೊತೆ ಇನ್ನೊಂದು ಪಟ್ಟಿ ಮಾಡಿದೆ: ಈ ಓಣಿಯಲ್ಲಿ ಕೇಳದೆಯೇ ಸಿಗುತ್ತಿರುವುದು ಏನೇನು? ನಾವು ಹೊರಟಿದ್ದು ಬಾಗಲಕೋಟೆಯ ಹಳಪೇಟದಿಂದ ನವನಗರಕ್ಕೆ. ನಾಲ್ಕೈದು ಕಿಲೋಮೀಟರ್ ಆದೀತು, ನಡುವೆ ವಿದ್ಯಾಗಿರಿ. ಟಂಟಂ ಹತ್ತಿದರೆ ಮಾತು ಮುಗಿಯುವುದರೊಳಗೆ ಬಂದುಬಿಡುತ್ತೆ. "ಇಷ್ಟಕ್ಕ ಪಟ್ಟಿ ಯಾಕ ಬೇಕು?" ಅಂತ ಮನೆಯವರು ನಕ್ಕರು.

ನಕ್ಕರೂ ನಾನು ಬಿಡಲಿಲ್ಲ. ಕಾರಣ ನಮ್ಮ ಚಿಗವ್ವ. ಹಳೆ ಬಾಗಲಕೋಟೆಯ ಕಿಲ್ಲಾ ಅನ್ನೋ ಪೇಟೆಯಲ್ಲಿ ಅವರ ಮನೆ ಇತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟು ಮುಗಿಯುವ ಹೊತ್ತಿಗೆ 2005 ಬಂತು. ಕೃಷ್ಣೆಯ ಹಿನ್ನೀರು ಘಟಪ್ರಭೆಯಲ್ಲಿ ಮೇಲೇರಿ ನಮ್ಮೂರಿನವರೆಗೆ ನಿಂತಿತು. ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ತುಂಬಿದಾಗ ಊರಂಚಿಗೆ ಹೋಗಿ ನೋಡಿದರೆ ಗೊತ್ತಾಗುತ್ತೆ, ನೀರು ಎಷ್ಟು ಹತ್ತಿರ ಅಂತ. ಆಗ ಮನೆ ಬಿಟ್ಟವರು ತೊಲೆ, ಜಂತಿ, ಕದ ಎಲ್ಲ ಬಿಚ್ಚಿಕೊಂಡು ನವನಗರಕ್ಕೆ ಹೋದರು. ಚಿಗವ್ವ ಇವತ್ತಿಗೂ ಹೇಳೋದು ಒಂದೇ ಮಾತು: "ಕಂಬಾ, ಕದಾ ಎಲ್ಲಾ ಟ್ರ್ಯಾಕ್ಟರಿಗೆ ಹೇರಿದ್ವಿ. ಹೋದ ಮ್ಯಾಲ ಹೆಪ್ಪಿಗೆ ಮೊಸರ ಬೇಕಾತು ನೋಡವಾ, ಯಾರ ಬಾಗ್ಲಾ ಬಡೀಬೇಕು ಅನ್ನೂದ ತಿಳೀಲಿಲ್ಲ." ಗೋಡೆಗೆ ಗೋಡೆ ಹತ್ತಿದ್ದ ಮನೆಯವರು ಬೇರೆ ಬೇರೆ ಸೆಕ್ಟರ್ ಆಗಿಬಿಟ್ಟಿದ್ದರು.

ನಮ್ಮ ಮನೆ ನೀರಿಗೆ ಹೋಗಿದ್ದಲ್ಲ. ಮೇಲ್ಮುದ್ದೆ ಮನೆ, ಮಳೆಗಾಲ ಬಂದರೆ ಮಾಳಿಗೆಗೆ ಮಣ್ಣು ಹಾಕಿಸುವುದೇ ಒಂದು ಕೆಲಸ. ಅತ್ತೆಯವರ ಮೊಳಕಾಲಿಗೆ ಎತ್ತರದ ಹೊಸ್ತಿಲು, ಮೆಟ್ಟಿಲು ಆಗಿಬರುತ್ತಿರಲಿಲ್ಲ. ಸ್ವಂತ ಇಷ್ಟದಿಂದ, ಪುರುಸೊತ್ತಿನಿಂದ ಹೋಗುವವರಿಗೆ ತಯಾರಿ ಮಾಡಿಕೊಳ್ಳೋಕೆ ಟೈಮ್ ಇರುತ್ತೆ. ಚಿಗವ್ವನಿಗೆ ಇರಲಿಲ್ಲ.

ಪಟ್ಟಿಯಲ್ಲಿ ಮೊದಲು ಬಂದದ್ದು ಗಿರಣಿ. ನಗಬೇಡಿ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತೆ. ಎಷ್ಟು ಬಿಸಿ ನೀರು ಹಾಕಿ ನಾದಿದರೂ ಬಡಿಯುವಾಗ ರೊಟ್ಟಿ ಅಂಚು ಸೀಳುತ್ತೆ. ಅದಕ್ಕೇ ನಾವು ಸ್ವಲ್ಪ ಸ್ವಲ್ಪ ಬೀಸಿಸುವುದು, ಬೇಸಿಗೆಯಲ್ಲಂತೂ ಇನ್ನೂ ಕಡಿಮೆ. ನಮ್ಮ ಓಣಿಯ ಗಿರಣಿಯವರಿಗೆ ನಾನು ಏನೂ ಹೇಳಬೇಕಾಗಿರಲಿಲ್ಲ. ಡಬ್ಬಿ ಇಟ್ಟು ಬಂದರೆ ಸಾಕು. "ಕಡ್ಲಿ ಬೀಸಿದ ಬೆನ್ನಿಗೇ ನಿಮ್ಮ ಜ್ವಾಳಾ ಹಾಕಂಗಿಲ್ರೀ ಅಕ್ಕಾರ" ಅಂತ ಅವರೇ ಅನ್ನೋರು. ನವನಗರದಲ್ಲೂ ಗಿರಣಿ ಇದೆ, ನೋಡಿಕೊಂಡು ಬಂದೆ. ಆದರೂ ಹಳೆಯದನ್ನೇ ಮುಂದುವರಿಸೋದು ಅಂತ ಮಾಡಿದೆ. ಮಗ ಪೇಟೆಗೆ ಬರುವಾಗ ಡಬ್ಬಿ ತರುತ್ತಾನೆ, ಸಂಜೆ ಒಯ್ಯುತ್ತಾನೆ. ಪೆಟ್ರೋಲ್ ಲೆಕ್ಕ ಹಾಕಿದರೆ ನಷ್ಟವೇ. ಆದರೆ ಸುಮ್ನೆ "ಬರ್ತಾ ಇರ್ತೀವಿ" ಅಂತ ಹೇಳಿ ಬಿಟ್ಟುಬಂದ ಜಾಗಕ್ಕೆ ಯಾರೂ ಬರಲ್ಲ. ಕೆಲಸ ಇದ್ದರೆ ಮಾತ್ರ ಬರುತ್ತಾರೆ, ಅಲ್ವಾ? ಅದಕ್ಕೆ ಒಂದು ಕೆಲಸವನ್ನು ಬೇಕಂತಲೇ ಅಲ್ಲಿ ಉಳಿಸಿಕೊಂಡೆ.

ಎರಡನೆಯದು ನನ್ನ ಹೊಲಿಗೆ. ಪಡಸಾಲೆಯಲ್ಲಿ ಮಷೀನು ಇಟ್ಟುಕೊಂಡು ಕುಪ್ಪಸ ಹೊಲಿಯುತ್ತೇನೆ, ಹೆಚ್ಚಾಗಿ ಗುಳೇದಗುಡ್ಡದ ಕಣ, ಅಂದರೆ ಕುಪ್ಪಸಕ್ಕೆಂದೇ ನೇಯುವ ದಡಿಯ ಬಟ್ಟೆ. ಇಳಕಲ್ ಸೀರೆ ಉಡುವವರು ಇರುವವರೆಗೂ ಕಣ ಬರುತ್ತಲೇ ಇರುತ್ತೆ. ಕಣದ ಪನ್ನ, ಅಂದರೆ ಅಗಲ, ಕಡಿಮೆ. ದಡಿ ತೋಳಿನ ತುದಿಗೆ ಸರಿಯಾಗಿ ಬರಬೇಕು, ಎರಡೂ ತೋಳಿಗೆ ಒಂದೇ ಸಮ ಬರಬೇಕು. ಕತ್ತರಿ ಹಾಕುವ ಮುಂಚೆ ಹತ್ತು ಸಲ ಯೋಚನೆ ಮಾಡಬೇಕು, ತಪ್ಪಿದರೆ ಜೋಡಿಸೋಕೆ ಬಟ್ಟೆ ಉಳಿಯಲ್ಲ. ಹಾಗಾಗಿ ಹೆಂಗಸರು ಟೇಲರ್ ಬದಲಿಸೋದು ಅಪರೂಪ. ಅಂಗಡಿಗೆ ಬೋರ್ಡು ಹಾಕಿದವಳಲ್ಲ ನಾನು. ನೀರು ತರುವಾಗ, ದೇವಸ್ಥಾನಕ್ಕೆ ಹೋಗುವಾಗ ಬಾಗಿಲಲ್ಲಿ ಇಣುಕಿ, "ಆತೇನ್ ವೈನಿ ನಂದು?" ಅಂತ ಕೇಳಿ ಹೋಗೋದೇ ನನ್ನ ವ್ಯಾಪಾರ. ಹೊಸ ಮನೆಯ ಗೇಟಿನಲ್ಲಿ ಯಾರು ಇಣುಕುತ್ತಾರೆ?

ಅಳತೆ ಪುಸ್ತಕವನ್ನು ಹೊಸದಾಗಿ ಬರೆದೆ. ಮೊದಲು ಅದರಲ್ಲಿ "ಮೂಲಿಮನಿ ಅಕ್ಕ", "ಗಿರಣಿ ಹಿಂದಿನವ್ರು" ಅಂತಷ್ಟೇ ಇತ್ತು. ಎಲ್ಲರ ಫೋನ್ ನಂಬರ್ ಬರೆದುಕೊಂಡೆ. ಆಮೇಲೆ ಬಳೆ ಅಂಗಡಿಯ ಅಕ್ಕನ ಜೊತೆ ಮಾತಾಡಿದೆ. ಬಟ್ಟೆಯನ್ನು ಅವರ ಹತ್ತಿರ ಕೊಟ್ಟು ಹೋಗೋದು, ನಾನು ಬಂದು ಒಯ್ದು, ಹೊಲಿದು, ಅಲ್ಲೇ ತಂದಿಡೋದು. ಅಕ್ಕನ ಕುಪ್ಪಸಗಳಿಗೆ ನಾನು ದುಡ್ಡು ತಗೊಳ್ಳಲ್ಲ. ಇಬ್ಬರಿಗೂ ಒಪ್ಪಿಗೆಯಾಯಿತು.

ಇನ್ನು ಹೋಳಿ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುತ್ತೇನೆ: ನಮ್ಮಲ್ಲಿ ಬಣ್ಣ ಒಂದು ದಿನದ್ದಲ್ಲ, ಮೂರು ದಿನದ್ದು. ಬ್ಯಾರಲ್‌ಗಳಲ್ಲಿ ಬಣ್ಣ ತುಂಬಿದ ಬಂಡಿಗಳು ಬೀದಿಗೆ ಇಳಿಯುತ್ತವೆ, ಈಗ ಟ್ರ್ಯಾಕ್ಟರ್ ಜಾಸ್ತಿ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ, ಒಂದೊಂದು ಪೇಟೆಗೂ ತನ್ನದೇ ಹಮ್ಮು. ತುರಾಯಿ ಹಲಗಿ ವಾದ್ಯ, ವೇಷ ಹಾಕಿದವರ ಸೋಗಿನ ಬಂಡಿ. ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಹುಡುಗರು ರಾತ್ರಿ ಹಲಗಿ ಕಾಯಿಸಿ ಬಡಿಯೋಕೆ ಶುರು ಮಾಡುತ್ತಾರೆ. ಮಕ್ಕಳ ಪರೀಕ್ಷೆ ಇದ್ದಾಗ ನಾನೇ ಹೊರಗೆ ಬಂದು ಬೈದಿದ್ದೇನೆ. ನವನಗರದಲ್ಲೂ ಬಣ್ಣ ಆಡುತ್ತಾರೆ. ಆದರೆ ಅಲ್ಲಿನ ರಸ್ತೆ ಅಗಲ, ಸದ್ದು ಹರಡಿಹೋಗುತ್ತೆ. ಓಣಿಯಲ್ಲಿ ಹಲಗಿ ಬಡಿದರೆ ಪಾತ್ರೆ ಗೂಡಿನ ತಾಟು ನಡುಗಬೇಕು. ಇದನ್ನು ಒಯ್ಯೋಕೆ ಆಗಲ್ಲ. ಪಕ್ಕದ ಮನೆಯವರಿಗೆ ಹೇಳಿಬಂದೆ: ಬಣ್ಣದ ದಿನಗಳಲ್ಲಿ ನಿಮ್ಮ ಮಾಳಿಗೆಯಲ್ಲಿ ನನಗೊಂದು ಜಾಗ ಇರಲಿ, ತಿನ್ನೋಕೆ ಹೋಳಿಗೆ ನಾನು ಮಾಡಿ ತರುತ್ತೇನೆ. ಅದು ಪಕ್ಕಾ ಆಗಿದೆ.

ಎಲ್ಲವೂ ನೆನಪಾಗುತ್ತೆ ಅಂದರೆ ಸುಳ್ಳು. ಗಟಾರ ನೆನಪಾಗಲ್ಲ. ಬೈಕು ನಿಲ್ಲಿಸೋಕೆ ದಿನಾ ನಡೆಯುತ್ತಿದ್ದ ಜಗಳ ನೆನಪಾಗಲ್ಲ. ಮಗಳು ಅರ್ಧ ಗಂಟೆ ತಡವಾಗಿ ಬಂದರೆ ಮೂರು ಮನೆಯವರು ವಿಚಾರಿಸುತ್ತಿದ್ದರಲ್ಲ, ಅವಳಿಗಂತೂ ಅದು ತಪ್ಪಿದ್ದೇ ಹಬ್ಬ. ನವನಗರದ ಗಾಳಿ, ಬೆಳಕು, ಗಿಡಗಳು ನನಗೂ ಹಿಡಿಸಿವೆ. ಶಾವಿಗೆ, ಸಂಡಿಗೆ ಒಣಗಿಸೋಕೆ ಆರ್‌ಸಿಸಿ ಮಾಳಿಗೆಯೇ ಮೇಲು, ಮಣ್ಣು ಹತ್ತಲ್ಲ.

ಕಷ್ಟವಾದದ್ದು ಅತ್ತೆಯವರ ಕಟ್ಟೆ. ಸಂಜೆಯಾದರೆ ಬಾಗಿಲ ಮುಂದಿನ ಕಟ್ಟೆಗೆ ಬಂದು ಕೂರುವುದು, ಓರಗೆಯವರು ಬಂದು ಸೇರುವುದು. ಸೊಪ್ಪಿನವಳು ಬುಟ್ಟಿ ಇಳಿಸಿ ಹತ್ತರಕಿ, ರಾಜಗಿರಿ, ಕಿರಕಸಾಲಿ ಹರಡಿಕೊಂಡು ಅಲ್ಲೇ ನೀರು ಕುಡಿಯುವುದು. ಇದಕ್ಕೆ ಫೋನ್ ನಂಬರ್ ಬರೆದುಕೊಂಡರೆ ಆಗುತ್ತಾ? ಹೊಸ ಮನೆಗೆ ಕಾಂಪೌಂಡು ಇದೆ. ಒಳಗೆ ಕೂತರೆ ರಸ್ತೆ ಕಾಣಲ್ಲ, ರಸ್ತೆಯವರಿಗೆ ಅತ್ತೆ ಕಾಣಲ್ಲ. ಗೌಂಡಿಗೆ ಹೇಳಿ ಗೇಟಿನ ಪಕ್ಕ, ಹೊರಗಡೆ, ನಮ್ಮ ಜಾಗದಲ್ಲೇ ಗೋಡೆಯನ್ನು ಸ್ವಲ್ಪ ಒಳಗೆ ತೆಗೆದು ಕಟ್ಟೆ ಕಟ್ಟಿಸಿದೆ. "ಇಲ್ಲಿ ಯಾರೂ ಹಿಂಗ ಕಟ್ಟಂಗಿಲ್ರೀ" ಅಂದ. ಕಟ್ಟಿದ. ಮೊದಮೊದಲು ಅತ್ತೆ ಒಬ್ಬರೇ ಕೂತು ಎದ್ದು ಬರುತ್ತಿದ್ದರು. ತಳ್ಳುಗಾಡಿಯವನು ನಿಲ್ಲಿಸೋಕೆ ಶುರು ಮಾಡಿದ ಮೇಲೆ ಅಕ್ಕಪಕ್ಕದವರು ತರಕಾರಿ ನೆಪದಲ್ಲಿ ಬರತೊಡಗಿದರು.

ನಾನೂ ಕಾಯುತ್ತಾ ಕೂರಲಿಲ್ಲ. ಹಾಲು ಉಕ್ಕಿಸಿದ ಮಾರನೆಯ ದಿನವೇ, ಮನೆಯಲ್ಲಿ ಗಡಿಗೆ ತುಂಬ ಮೊಸರಿದ್ದರೂ ಬಟ್ಟಲು ಹಿಡಿದು ಎದುರು ಮನೆಗೆ ಹೆಪ್ಪು ಕೇಳೋಕೆ ಹೋದೆ. ಹೊಸ ಜಾಗದಲ್ಲಿ ಸಿಹಿ ಹಂಚಿದರೆ "ಥ್ಯಾಂಕ್ಸ್" ಅಂದು ಬಾಗಿಲು ಹಾಕಿಕೊಳ್ಳುತ್ತಾರೆ. ಏನಾದರೂ ಕೇಳಿದರೆ ಒಳಗೆ ಕರೆಯುತ್ತಾರೆ. ಆ ಮನೆಯವರು ಮೈಸೂರು ಕಡೆಯವರು, ನೌಕರಿ ಮೇಲೆ ಬಂದವರು. "ನಮ್ದು ಪ್ಯಾಕೆಟ್ ಮೊಸರು ಕಣ್ರೀ, ಹೆಪ್ಪಿಗೆ ಆಗುತ್ತೋ ಇಲ್ವೋ" ಅಂದರು. ಆಗುತ್ತೆ ಅಂದೆ. ಕೂರಿಸಿ ಕಾಫಿ ಕೊಟ್ಟರು. ಮಾತಿಗೆ ಮಾತು ಬಂದು ಹೊಲಿಗೆ ವಿಷಯ ಬಂತು. ಬಾದಾಮಿಗೆ ಹೋದಾಗ ತಂದ ಕಣ ಬೀರುವಿನಲ್ಲೇ ಇದೆಯಂತೆ, ಹೊಲಿಯುವವರು ಸಿಕ್ಕಿಲ್ಲವಂತೆ. ದಡಿ ಯಾವ ಕಡೆ ಬರಬೇಕು ಅಂತ ಇಬ್ಬರೂ ಅದನ್ನು ಹಾಸಿಗೆ ಮೇಲೆ ಹರಡಿ ನೋಡಿದೆವು. ಅವರಿಗೆ ಉದ್ದ ತೋಳು ಬೇಕಂತೆ. ಅಷ್ಟು ಬಟ್ಟೆ ಅದರಲ್ಲಿಲ್ಲ. ಮೊಳಕೈವರೆಗೆ ಅಂತ ಒಪ್ಪಿಸಿ ಅಳತೆ ಬರೆದುಕೊಂಡು ಬಂದಿದ್ದೇನೆ. ಗುರುವಾರ ಕೊಡಬೇಕು.